ಹೊಳೆನೀರಿನ ಸೈಕಲ್ಲು

ರಾಯಚೂರು
12 ಫೆಬ್ರುವರಿ 2024

ಲೇ ಜಗ್ಗ್ಯಾ,

ಸಲಾಂ ಹೇಳಿ ನೇರ ವಿಷಯಕ್ಕೆ ಬರುತ್ತೇನೆ. ನಿನ್ನ ಮಗಳು ವೇದಶ್ರೀ ನಿನ್ನೆ ದೇವದುರ್ಗದ ಬಸ್ಸಿಳಿದು ನನ್ನ ಅಂಗಡಿಗೆ ಬಂದಳು. ತೋಳಿನಲ್ಲಿ ಒಂದು ಸೈಕಲ್ ಚಕ್ರ. ಚಕ್ರದ ನಡುವೆ ಸಣ್ಣ ಕುಂಬಳಕಾಯಿಯಷ್ಟು ದಪ್ಪ ಮೋಟರ್, ನಿನ್ನ ಸೈಕಲ್ಲಿಗೆಂದು ತರಿಸಿದ್ದಂತೆ. ಕಂಡಕ್ಟರ್ "ಟೀಚರ್ರೇ, ಇದಕ್ಕ ಹಾಫ್ ಟಿಕೆಟೋ ಫುಲ್ಲೋ?" ಎಂದು ದಾರಿಯುದ್ದಕ್ಕೂ ಕಾಡಿದನಂತೆ. ಇದನ್ನೆಲ್ಲ ಅವಳು ಹೇಳಿದಳು, ನನಗೆ ಕೇಳಿಸಲಿಲ್ಲ, ಆಮೇಲೆ ಕಾಗದದಲ್ಲಿ ಬರೆದು ತೋರಿಸಿದಳು. ನನ್ನ ಕಿವಿಯ ಕಥೆ ನಿನಗೆ ಗೊತ್ತೇ ಇದೆ. ಫೋನು ಹಿಡಿದರೆ ಗುಂಯ್ ಎನ್ನುವುದೊಂದೇ ಕೇಳುತ್ತದೆ. ಅದಕ್ಕೇ ಈ ಕಾಲದಲ್ಲೂ ನಾವಿಬ್ಬರು ಅಂಚೆಯವನ ಚಪ್ಪಲಿ ಸವೆಸುತ್ತಿದ್ದೇವೆ.

ಅವಳು ಬರೆದ ಇನ್ನೊಂದು ಮಾತನ್ನು ಓದಿ ನಿನ್ನ ಮೇಲೆ ಸಿಟ್ಟು ಬಂತು. ಮೊಣಕಾಲು ಬಾತಿವೆ, ಏರು ಹತ್ತುವಾಗ ಉಸಿರು ಸಾಲದೆ ರಸ್ತೆ ಬದಿಯಲ್ಲಿ ಕೂರುತ್ತೀಯಂತೆ. ನನಗೆ ಬರೆದ ಕಾಗದಗಳಲ್ಲೆಲ್ಲ "ಕ್ಷೇಮ" ಎಂದೇ ಇತ್ತಲ್ಲೋ ಮಾರಾಯ! ಐವತ್ತು ವರ್ಷದಿಂದ ದಿನಾ ಬೆಳಗ್ಗೆ ಚೀಕಲಪರ್ವಿಯ ಹೊಳೆಗೆ ಹೋಗಿ ನಿಮ್ಮೂರ ಪ್ರಾಣದೇವರ ಅಭಿಷೇಕಕ್ಕೆ ಒಂದು ಕೊಡ ನೀರು ತಂದಿದ್ದೀ. ಈಗ ಗುಡಿಯ ಪಂಚರು, ನೀರು ತಪ್ಪಿದರೆ ಬೋರಿನ ಪೈಪು ಎಳೆಯುತ್ತೇವೆ ಎನ್ನುತ್ತಿದ್ದಾರಂತೆ. ಎಳೆಯಲು ಬಿಡುವವನಲ್ಲ ನಾನು.

ನಿಮ್ಮೂರ ಹಂಪಯ್ಯನ ಟಂಟಂ ಆಟೋದಲ್ಲಿ ನಿನ್ನ ಸೈಕಲ್ಲೂ ಬಂದು ಇಳಿದಿದೆ. ಏನು ಚೊಕ್ಕ ಇಟ್ಟಿದ್ದೀಯೋ ಅದನ್ನು! ಒಂದು ಚೂರು ಮಣ್ಣಿಲ್ಲ, ಕಡ್ಡಿಗಳ ಸಂದಿನಲ್ಲೂ ಧೂಳಿಲ್ಲ. ಸೆಗಣಿ ಮೆತ್ತಿಕೊಂಡ ಸೈಕಲ್ ತರುವ ಗಿರಾಕಿಗಳನ್ನೆಲ್ಲ ಕರೆದು, "ನೋಡ್ರಲೇ, ಸೈಕಲ್ ಇಟ್ಟುಕೊಳ್ಳೋದು ಅಂದ್ರ ಹಿಂಗ" ಎಂದು ಬೈದೆ.

ಮೋಟರ್ ಹಿಂದಿನ ಚಕ್ರದಲ್ಲಿ, ಬ್ಯಾಟರಿ ನಡುವಿನ ಕೊಳವೆಗೆ, ಅದಕ್ಕೆಲ್ಲ ಬುದ್ಧಿ ಹೇಳುವ ಕಂಟ್ರೋಲರ್ ಎಂಬ ಡಬ್ಬಿ ಕ್ಯಾರಿಯರ್ ಕೆಳಗೆ. ಬಲಗೈ ತಿರುವಿದರೆ ಹೊರಡುತ್ತದೆ. ನೀರಿನಲ್ಲಿ ತೋಯಿಸಬಾರದು ಎಂದು ಜೊತೆಗೆ ಬಂದ ಕಾಗದದಲ್ಲಿದೆ. ನಮ್ಮ ಸೀಮೆಯಲ್ಲಿ ಮಳೆ ಎಲ್ಲಿದೆ, ನೀನು ಆ ಚಿಂತೆ ಬಿಡು.

ನನ್ನ ಮನೆಯಾಕೆ ವಾಹಿದಾ ನಿನ್ನ ಮೊಣಕಾಲಿಗೆ ಎಣ್ಣೆ ಕಾಸಿ ಸೀಸೆಯಲ್ಲಿ ಕಳಿಸಿದ್ದಾಳೆ.

ನಿನ್ನ
ಶಾಮೀದಸಾಬ

*

॥ ಶ್ರೀ ॥
ಮಾನ್ವಿ ತಾಲ್ಲೂಕು, ಊರಿನಿಂದ
24 ಫೆಬ್ರುವರಿ 2024

ಗೆಳೆಯ ಶಾಮೀದನಿಗೆ ನೆನಕೆಗಳು.

ಸೈಕಲ್ ಬಂದು ಇಂದಿಗೆ ಐದು ದಿನ. ಮೊದಲ ದಿನ ಹೆದರಿ ಹ್ಯಾಂಡಲ್ ಹಿಡಿದೆ. ಏರು ಬಂತು. ಅಲ್ಲಿ ನಾನು ದಿನಾ ಇಳಿಯುತ್ತಿದ್ದೆ. ಬಲಗೈಯನ್ನು ಸ್ವಲ್ಪ ತಿರುವಿದೆ ನೋಡು, ಯಾರೋ ಹಿಂದಿನಿಂದ ಬೆನ್ನಿಗೆ ಕೈಕೊಟ್ಟು ತಳ್ಳಿದ ಹಾಗಾಯಿತು. ತಿರುಗಿ ನೋಡಿದೆ, ಯಾರೂ ಇಲ್ಲ. ನಗು ಬಂತು. ಕೊಡದ ನೀರು ಒಂದು ಹನಿ ತುಳುಕಲಿಲ್ಲ.

ಬಸವಂತಮ್ಮ ಹತ್ತಿ ಹೊಲದ ಬದುವಿನ ಮೇಲೆ ನಿಂತು, "ಯವ್ವಾ, ಆಚಾರ್ರ ಸೈಕಲ್ಲಿಗಿ ಏನೋ ಬಡದದ, ತುಳೀದೇನ ಓಡಾಕತ್ತದ!" ಎಂದು ಕೂಗಿದಳು. ತುಳಿಯುವುದನ್ನು ನಾನು ಬಿಟ್ಟಿಲ್ಲ. ಪಂಚರೂ ಅದನ್ನೇ ಕೇಳಿದರು, ಮೋಟರಿನ ನೀರು ದೇವರಿಗೆ ನಡೆಯುತ್ತದೋ ಎಂದು. ಕಾಲು ನನ್ನದೇ, ಮೋಟರ್ ಬರೀ ಆಸರೆ ಎಂದೆ. ಒಪ್ಪಿದರು. ಆದರೆ ಹಿರಿಯರೊಬ್ಬರು, "ಆಚಾರ್ರೇ, ಹೊತ್ತಿಗೆ ಸರಿಯಾಗಿ ಬಂದ್ರ ನಡೀತದ. ತಪ್ಪಿದ್ರ ಪೈಪ್ ಒಳಗ ಬರ್ತದ ನೋಡ್ರಿ" ಎಂದರು.

ಬೋರಿನ ನೀರು ದೇವರಿಗೆ ಬೇಡವೆಂದು ನಾನು ಹೇಳಲಾರೆ. ದೇವರು ಯಾವ ನೀರನ್ನೂ ಬೇಡ ಎನ್ನುವುದಿಲ್ಲ. ಆದರೆ ಪೈಪು ಬಂದ ಮೇಲೆ ನನಗೆ ಏನು ಕೆಲಸ? ಹೆಂಡತಿ ಹೋದ ಮೇಲೆ ಬೆಳಗ್ಗೆ ಏಳುವುದಕ್ಕೆ ನನಗಿರುವ ಕಾರಣ ಇದೊಂದೇ ಶಾಮೀದ. ಇದನ್ನು ನಿನಗಲ್ಲದೆ ಬೇರೆಯವರಿಗೆ ಬರೆಯಲಾರೆ.

ಎಣ್ಣೆ ಹಚ್ಚುತ್ತಿದ್ದೇನೆ. ವಾಹಿದಾ ತಂಗಿಗೆ ಹೇಳು.

ಇಂತು
ಜಗನ್ನಾಥ

*

॥ ಶ್ರೀ ॥
15 ಮಾರ್ಚ್ 2024

ಶಾಮೀದ,

ಸೈಕಲ್ ನಿಂತಿತು. ಹೊಳೆಯಿಂದ ಹೊರಟು ಅರ್ಧ ಮೈಲಿಯಾಗಿತ್ತು. ಕೈ ತಿರುವಿದರೆ ಒಮ್ಮೆ ಜಗ್ಗಿ ಸುಮ್ಮನಾಯಿತು. ಮೋಟರಿನ ಭಾರ ಸೇರಿ ಅದು ಈಗ ಮೊದಲಿಗಿಂತ ಜಡ. ತುಳಿಯಲಾಗದೆ ತಳ್ಳಿಕೊಂಡೇ ಬಂದೆ. ಅಭಿಷೇಕ ಒಂದು ತಾಸು ತಡವಾಯಿತು. ನಾಳೆ ಹಂಪಯ್ಯನ ಟಂಟಂನಲ್ಲಿ ಕಳಿಸುತ್ತೇನೆ. ನಿನಗೆ ತೊಂದರೆ.

ಜಗನ್ನಾಥ

*

ರಾಯಚೂರು
21 ಮಾರ್ಚ್ 2024

ಜಗ್ಗ್ಯಾ,

ತೊಂದರೆ ಗಿಂದರೆ ಎಂದು ಬರೆದರೆ ಮುಂದಿನ ಸಲ ಕಾಗದ ಹರಿದು ಬಿಸಾಕುತ್ತೇನೆ. ಕಂಟ್ರೋಲರ್ ಸತ್ತಿತ್ತು. ವೇದಶ್ರೀ ಬೇರೆ ತರಿಸಿಕೊಟ್ಟಳು, ಹಾಕಿದ್ದೇನೆ. ಮಾಲು ಕೆಟ್ಟದ್ದಿರಬೇಕು ಎಂದುಕೊಂಡೆ. ಇಲ್ಲವೇ ನಾನೇ ಯಾವುದೋ ವೈರು ಸಡಿಲ ಬಿಟ್ಟಿರಬೇಕು. ಈ ಸಲ ಒಂದೊಂದೇ ಜೋಡಣೆಯನ್ನು ಎರಡೆರಡು ಸಲ ಎಳೆದು ನೋಡಿದ್ದೇನೆ.

ರೋಜಾ ನಡೆದಿದೆ. ಬೆಳಗಿನಿಂದ ಬಾಯಿಗೆ ನೀರಿಲ್ಲದೆ ನಿನ್ನ ಸೈಕಲ್ ಎದುರು ಕೂತಿದ್ದೆ. ನೀನು ಹದಿನೈದು ದಿನಕ್ಕೊಂದು ಏಕಾದಶಿ ಮಾಡಿ ಊರೆಲ್ಲ ಹೇಳಿಕೊಂಡು ತಿರುಗುತ್ತೀ, ನಾನು ತಿಂಗಳಿಡೀ ಮಾಡಿ ಪಂಕ್ಚರ್ ಹಾಕುತ್ತೇನೆ. ಇಬ್ಬರಲ್ಲಿ ಯಾರು ದೊಡ್ಡವರು ಎಂದು ನಿಮ್ಮ ಪ್ರಾಣದೇವರನ್ನೇ ಕೇಳು.

ಇನ್ನೊಂದು ಮಾತು. ನಿನ್ನ ಸೈಕಲ್ ನೋಡಿ ಗಬ್ಬೂರಿನ ಹಾಲಿನವನೊಬ್ಬ ತನ್ನದಕ್ಕೂ ಮೋಟರ್ ಹಾಕಿಸಿಕೊಳ್ಳುತ್ತೇನೆ ಎಂದ. ಮಗ ಮುಷರ್ರಫ್ ದಿನಾ, "ಅಬ್ಬಾ, ಅಂಗಡಿ ನನಗ ಕೊಡ್ರಿ, ಮೊಬೈಲ್ ಕವರ್ ಇಡ್ತೀನಿ" ಎನ್ನುತ್ತಿದ್ದ. ಹಾಲಿನವನು ಬಂದ ದಿನ ಬಾಯಿ ಮುಚ್ಚಿಕೊಂಡ. ಅರವತ್ತಾರರಲ್ಲಿ ಹೊಸ ಕೆಲಸ ಕಲಿತೆನೋ ಜಗ್ಗ್ಯಾ! ಕಲಿಸಿದ್ದು ನಿನ್ನ ಸೈಕಲ್ಲು.

ಶಾಮೀದಸಾಬ

*

॥ ಶ್ರೀ ॥
25 ಏಪ್ರಿಲ್ 2024

ಗೆಳೆಯಾ,

ಬರೆಯಲು ಕೈ ಬರುತ್ತಿಲ್ಲ. ಹನುಮ ಜಯಂತಿಯ ದಿನವೇ ಮತ್ತೆ ನಿಂತಿತು. ಬೇಸಗೆ, ಹೊಳೆ ಬತ್ತಿ ನಡುವೆ ಒಂದಿಷ್ಟು ಮಡುಗಳಲ್ಲಿ ಮಾತ್ರ ನೀರಿದೆ. ಮರಳಿನಲ್ಲಿ ಅಷ್ಟು ದೂರ ನಡೆದು ತುಂಬಿಕೊಂಡು ಬಂದು ಸೈಕಲ್ಲಿಗೆ ಕಟ್ಟಿ ಕೈ ತಿರುವಿದರೆ ಉಸಿರೇ ಇಲ್ಲ.

ಗುಡಿಯಲ್ಲಿ ಇನ್ನೂರು ಜನ ಕಾಯುತ್ತಿದ್ದರು. ನಾನು ಮುಟ್ಟಿದಾಗ ಹನ್ನೊಂದು ಗಂಟೆ. ಯಾರೂ ಬೈಯಲಿಲ್ಲ. ಒಬ್ಬರು ಕುರ್ಚಿ ತಂದುಕೊಟ್ಟು, "ಆಚಾರ್ರಿಗೆ ಇನ್ನ ಆಗಂಗಿಲ್ಲ ಬಿಡ್ರಿ, ಪಾಪ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ದಸರೆಯವರೆಗೆ ನೋಡೋಣ ಎಂದು ಪಂಚರು ಮಾತಾಡಿಕೊಂಡರಂತೆ.

ನಿನ್ನ ಕೆಲಸದಲ್ಲಿ ತಪ್ಪೇನೂ ಇರಲಾರದು. ನನ್ನ ಹಣೆಬರಹ. ಕಳಿಸಿದ್ದೇನೆ.

ಜಗನ್ನಾಥ

*

ರಾಯಚೂರು
6 ಮೇ 2024

ಜಗ್ಗ್ಯಾ,

ಈ ಸಲ ಎಲ್ಲ ಬಿಚ್ಚಿ ಗೋಣಿಚೀಲದ ಮೇಲೆ ಹರಡಿದೆ. ವೈರುಗಳು ಕೂಡುವಲ್ಲಿ ತಾಮ್ರ ಹಸಿರಾಗಿದೆ, ಹುಣಸೆಹಣ್ಣು ಕಾಣದ ಪೂಜಾಪಾತ್ರೆಯಂತೆ. ಹಸಿರಾಗಲು ನೀರು ಬೇಕು. ರಾಯಚೂರಿನಲ್ಲಿ ಹಕ್ಕಿಗಳು ನೀರಿಲ್ಲದೆ ಸಾಯುತ್ತಿರುವ ಈ ಬಿಸಿಲಿನಲ್ಲಿ ನಿನ್ನ ಸೈಕಲ್ಲಿಗೆ ನೀರು ಎಲ್ಲಿಂದ ಬಂತು? ಕೊಡ ಸೋರುತ್ತದೆಯೇ? ಸೈಕಲ್ಲನ್ನು ಹೊಳೆಗೆ ಇಳಿಸುತ್ತೀಯಾ? ಏನಿದ್ದರೂ ಹೇಳು. ಮೋಟರ್ ಡಾಕ್ಟರ್ ಹತ್ತಿರ ಬಂದ ರೋಗಿಯಲ್ಲ, ಸುಳ್ಳು ಹೇಳಿ ಮರ್ಯಾದೆ ಉಳಿಸಿಕೊಳ್ಳಲು.

ಸೋರಿಲ್ಲ, ಇಳಿಸಿಲ್ಲ ಎಂದಾದರೆ ಉಳಿಯುವುದು ನಾನೊಬ್ಬನೇ. ನನ್ನ ಕೈಯ ಬೆವರು ಒಳಗೆ ಹೋಗಿರಬೇಕು. ಅಥವಾ ಬೆಸುಗೆ ಹಾಕುವಾಗ ಕಣ್ಣು ಮೋಸ ಮಾಡಿರಬೇಕು. ಈಗೀಗ ಬೆರಳು ಸಣ್ಣಗೆ ನಡುಗುತ್ತವೆ. ನಿನಗೆ ಬರೆದಿರಲಿಲ್ಲ. ಮೊನ್ನೆ ಒಂದು ತಿರುಪನ್ನು ಮೂರು ಸಲ ಕೆಳಗೆ ಬೀಳಿಸಿದೆ. ವಾಹಿದಾ ಎತ್ತಿಕೊಟ್ಟಳು. ಮೂರನೆಯ ಸಲ ಎತ್ತಿಕೊಡುವಾಗ ನನ್ನ ಮುಖ ನೋಡಲಿಲ್ಲ.

ಗಬ್ಬೂರಿನ ಹಾಲಿನವನನ್ನು ವಾಪಸು ಕಳಿಸಿದೆ. ಗೆಳೆಯನ ಸೈಕಲ್ಲೇ ಎರಡು ಸಲ ತಿರುಗಿ ಬಂದಿರುವಾಗ ಅವನದನ್ನು ಯಾವ ಮುಖದಿಂದ ಮುಟ್ಟಲಿ? ಹದಿನಾರನೆಯ ವಯಸ್ಸಿನಲ್ಲಿ ಮಾನ್ವಿಯ ಮಾಮೂನ ಅಂಗಡಿಯಲ್ಲಿ ಸ್ಪ್ಯಾನರ್ ಹಿಡಿದವನು. ಅಂದಿನಿಂದ ಒಂದೇ ರೋಗಕ್ಕೆ ಎರಡು ಸಲ ತಿರುಗಿ ಬಂದ ಸೈಕಲ್ ನನ್ನ ಹತ್ತಿರ ಇರಲಿಲ್ಲ.

ಸರಿಮಾಡಿ ಕಳಿಸಿದ್ದೇನೆ. ನಿಜ ಬರೆ.

ಶಾಮೀದ

*

॥ ಶ್ರೀ ॥
16 ಮೇ 2024

ಶಾಮೀದ,

ಕೊಡ ಸೋರುವುದಿಲ್ಲ. ಸೈಕಲ್ಲನ್ನು ನಾನು ಹೊಳೆಗೆ ಇಳಿಸಿಲ್ಲ. ದಂಡೆಯ ಮೇಲೆ ಜಾಲಿ ಗಿಡಕ್ಕೆ ಒರಗಿಸಿ ಇಡುತ್ತೇನೆ.

ನಿನ್ನ ಬೆರಳುಗಳ ವಿಷಯ ಓದಿ ಊಟ ಸೇರಲಿಲ್ಲ. ವಯಸ್ಸಾದವರಿಗೆ ಅದೆಲ್ಲ ಇದ್ದದ್ದೇ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಎಂಟು ದಿನ ನಡೆದು ನಿನ್ನೆ ಮತ್ತೆ ನಿಂತಿದೆ. ಇನ್ನು ಕಳಿಸುವುದಿಲ್ಲ. ನಿನಗೆ ಎಷ್ಟೆಂದು ಕಷ್ಟ ಕೊಡಲಿ? ತಳ್ಳಿಕೊಂಡೇ ತರುತ್ತೇನೆ.

ಜಗನ್ನಾಥ

*

ರಾಯಚೂರು
22 ಮೇ 2024

ಜಗನ್ನಾಥ,

ನಿನ್ನ ಕಾಗದ ಬಂತು. ಕಳಿಸುವುದಿಲ್ಲ ಎಂದದ್ದು ಒಳ್ಳೆಯದಾಯಿತು. ಕಳಿಸಿದ್ದರೂ ಬಿಚ್ಚುವ ಧೈರ್ಯ ನನಗಿರಲಿಲ್ಲ.

ಈ ತಿಂಗಳ ಕೊನೆಗೆ ಅಂಗಡಿಯನ್ನು ಮುಷರ್ರಫ್‌ನ ಕೈಗೆ ಕೊಡುತ್ತೇನೆ. ಅವನು ಬಂದು ಗೋಡೆ ಅಳೆದುಕೊಂಡು ಹೋದ. ಸ್ಪ್ಯಾನರುಗಳನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟೆ. ನಿನ್ನ ಸೈಕಲ್ಲನ್ನು ಸಿಂಧನೂರಿನಲ್ಲೋ ಎಲ್ಲೋ ಕಲಿತ ಹುಡುಗರಿಗೆ ತೋರಿಸು. ನನ್ನ ಕೈ ಮುಗಿಯಿತು. ನಿನ್ನ ನೀರನ್ನು ಉಳಿಸಿಕೊಡಲು ಆಗಲಿಲ್ಲ, ಮಾಫ್ ಮಾಡು.

ಶಾಮೀದ

*

ದೇವದುರ್ಗ
29 ಮೇ 2024

ಶಾಮೀದ ಕಾಕಾ ಅವರಿಗೆ ವೇದಶ್ರೀಯ ನಮಸ್ಕಾರಗಳು.

ಈ ಕಾಗದ ಬರೆಯುವುದು ಅಪ್ಪನಿಗೆ ಗೊತ್ತಿಲ್ಲ. ಗೊತ್ತಾದರೂ ಆಗಲಿ. ಶಾಲೆಗೆ ರಜೆಯೆಂದು ಊರಿಗೆ ಹೋಗಿದ್ದೆ. ನೀವು ಅಂಗಡಿ ಬಿಡುತ್ತೇನೆಂದು ಬರೆದ ಕಾಗದ ದೇವರ ಪಟದ ಹಿಂದೆ ಸಿಕ್ಕಿಸಿತ್ತು. ಓದಬಾರದಿತ್ತು, ಓದಿದೆ.

ಮರುದಿನ ಬೆಳಗ್ಗೆ ಅವರು ಸೈಕಲ್ ತಳ್ಳಿಕೊಂಡು ಹೊರಟಾಗ, ಬೀಳುತ್ತಾರೇನೋ ಎಂಬ ಭಯಕ್ಕೆ ಸ್ವಲ್ಪ ದೂರದಲ್ಲಿ ಹಿಂದೆಯೇ ನಡೆದೆ. ನಾನು ಹುಟ್ಟಿದಾಗಿನಿಂದ ಅವರು ನೀರಿಗೆ ಹೋಗುವುದನ್ನು ನೋಡಿದ್ದೇನೆ, ಹೊಳೆಯ ದಂಡೆಯಲ್ಲಿ ಏನು ಮಾಡುತ್ತಾರೆಂದು ನೋಡಿರಲಿಲ್ಲ. ಅವರು ಸ್ನಾನ ಮಾಡಿದರು. ಒದ್ದೆ ಪಂಚೆಯಲ್ಲೇ ಕೊಡ ತುಂಬಿಕೊಂಡು ಮೇಲೆ ಬಂದು ಸೈಕಲ್ ಮೇಲೆ ಸುರಿದರು. ಹ್ಯಾಂಡಲ್, ಸೀಟು, ಕ್ಯಾರಿಯರ್, ಚಕ್ರ, ಎಲ್ಲದರ ಮೇಲೆ. ಅದಾದ ಮೇಲೆ ದೇವರ ನೀರು ತುಂಬಿ ಕಟ್ಟಿದರು. ಸೈಕಲ್ ಮಡಿಯಾಗದೆ ಅದರ ಮೇಲೆ ಕೊಡ ಇಡುವಂತಿಲ್ಲವಂತೆ.

"ಅಪ್ಪಾ, ಇದಕ್ಕೇ ಮೋಟರ್ ಸಾಯಾಕತ್ತದ!" ಎಂದು ಚೀರಿದೆ. ಅವರು ಬೆಚ್ಚಿ ನೋಡಿದರು. "ಗೊತ್ತದವಾ" ಎಂದರು. ಯಾವಾಗಿನಿಂದ ಗೊತ್ತು ಎಂದೆ. ಎರಡನೆಯ ಸಲ ನಿಂತಾಗಲೇ ಅನುಮಾನ ಬಂತಂತೆ, ತಾಮ್ರ ಹಸಿರಾಗಿದೆ ಎಂದು ನೀವು ಬರೆದಾಗ ಖಾತ್ರಿಯಾಯಿತಂತೆ. ಕಾಕಾಗೆ ಯಾಕೆ ಹೇಳಲಿಲ್ಲ ಎಂದೆ. "ಏನಂತ ಹೇಳಲಿ? ಯಾಕ ತೊಳೀತಿ ಅಂತ ಅವ ಕೇಳ್ತಾನ" ಎಂದರು.

ಅವರು ಯಾಕೆ ತೊಳೆಯುತ್ತಾರೆಂದು ನಾನು ಬರೆಯುವುದಿಲ್ಲ. ನಿಮಗೆ ಗೊತ್ತಾಗುತ್ತದೆ. ನನಗೆ ನಾಚಿಕೆಯಾಗುತ್ತಿದೆ. ಅಂಗಡಿ ಮಾತ್ರ ಮುಚ್ಚಬೇಡಿ ಕಾಕಾ. ನಿಮ್ಮ ಕೈಯಲ್ಲಿ ಏನೂ ತಪ್ಪಿರಲಿಲ್ಲ.

ನಿಮ್ಮ ಮಗಳಂಥ
ವೇದಶ್ರೀ

*

ರಾಯಚೂರು
5 ಜೂನ್ 2024

ಜಗನ್ನಾಥಾಚಾರ್ಯರಿಗೆ,

ತೊಳೆದದ್ದಕ್ಕೆ ನನಗೇನೂ ಸಿಟ್ಟಿಲ್ಲ ಎಂದು ಬರೆಯಲು ಕೂತೆ. ಸುಳ್ಳು. ಸಿಟ್ಟಿದೆ. ಮೂರು ಕಾಗದ ಹರಿದು ಇದು ನಾಲ್ಕನೆಯದು.

ನಿಮ್ಮವ್ವ ನನಗೆ ಕಟ್ಟೆಯ ಮೇಲೆ ಎಲೆ ಹಾಕಿ ಬಡಿಸುತ್ತಿದ್ದಳು. ಎಲೆಯನ್ನು ನಾನೇ ಎತ್ತಿ ನೆಲ ಸಾರಿಸಿ ಬರುತ್ತಿದ್ದೆ. ಅದಕ್ಕೆ ಅಂದೂ ಸಿಟ್ಟಿರಲಿಲ್ಲ, ಇಂದೂ ಇಲ್ಲ. ಅದು ಕಣ್ಣೆದುರಿಗೆ ಆದದ್ದು. "ಇನ್ನೊಂದು ಹೋಳಿಗಿ ಹಾಕಲೇನಪಾ?" ಎಂದು ಅವಳು ಕೇಳುತ್ತಿದ್ದಳು, ನಾನು ತಿನ್ನುತ್ತಿದ್ದೆ. ನೀನು ಕದ್ದು ಮಾಡಿದೆ. ಹೆಗಲ ಮೇಲೆ ಕೈ ಹಾಕಿ ಬೀಳ್ಕೊಂಡು, ದಂಡೆಗೆ ಹೋಗಿ ತೊಳೆದೆ.

ಮತ್ತೆ ನಾನು! ಏನು ಹುಚ್ಚ ನಾನು! ನಿನ್ನ ಸೈಕಲ್ಲನ್ನು ಅಂಗಡಿಯ ಮುಂದೆ ನಿಲ್ಲಿಸಿ ಗಿರಾಕಿಗಳಿಗೆ ತೋರಿಸುತ್ತಿದ್ದೆ. ಎಷ್ಟು ಚೊಕ್ಕ ನೋಡಿ ಎನ್ನುತ್ತಿದ್ದೆ. ಅದು ನನ್ನ ಕೈಯನ್ನು ತೊಳೆದ ಚೊಕ್ಕ ಎಂದು ನನಗೆ ಗೊತ್ತಿರಲಿಲ್ಲ. ವಾಹಿದಾಳಿಗೆ ಹೇಳಿದೆ. ಅವಳು, "ಎಣ್ಣಿ ಹಚ್ಚಿಕೊಂಡಾರೋ ಇಲ್ಲೋ?" ಎಂದು ಕೇಳಿದಳು.

ಇದೆಲ್ಲ ಒಂದು ಕಡೆ ಇರಲಿ. ನಿಜವಾದ ಸಿಟ್ಟು ಬೇರೆಯದಕ್ಕೆ. ತಿಂಗಳುಗಟ್ಟಲೆ ನನ್ನ ಎರಡು ಕೈಗಳನ್ನು ನೋಡಿಕೊಂಡು ಕೂತಿದ್ದೆ, ಇವು ಸತ್ತವು ಎಂದು. ಅವು ಸತ್ತಿಲ್ಲವೆಂದು ನಿನಗೆ ಗೊತ್ತಿತ್ತು. ಒಂದು ಸಾಲು ಬರೆದಿದ್ದರೆ ಸಾಕಿತ್ತು. "ವಯಸ್ಸಾದವರಿಗೆ ಇದ್ದದ್ದೇ" ಎಂದು ಬರೆದೆಯಲ್ಲೋ. ಯಾವ ಬಾಯಿಂದ ಬಂತು ಆ ಮಾತು?

ಸೈಕಲ್ಲನ್ನು ಹಂಪಯ್ಯನ ಕೈಯಲ್ಲಿ ಕಳಿಸು. ನನ್ನ ಕೆಲಸ ನಾನು ಮುಗಿಸಬೇಕು.

ಶಾಮೀದಸಾಬ, ಸೈಕಲ್ ಮಿಸ್ತ್ರಿ

*

॥ ಶ್ರೀ ॥
17 ಜೂನ್ 2024

ಶಾಮೀದ,

ಸೈಕಲ್ ಕಳಿಸಿದ್ದೇನೆ. ನೀನು ಬೈದದ್ದರಲ್ಲಿ ಒಂದು ಅಕ್ಷರವೂ ಹೆಚ್ಚಿಲ್ಲ.

ಹೇಳಿಬಿಡುತ್ತೇನೆ. ನಾವಿಬ್ಬರೂ ಹದಿನಾರರಲ್ಲಿದ್ದೆವು. ನೀನು ಮಾನ್ವಿಯಲ್ಲಿ ಮೊದಲ ಸಲ ನಮ್ಮಪ್ಪನ ಸೈಕಲ್ಲಿನ ಚೈನು ಕೂಡಿಸಿಕೊಟ್ಟೆ, ದುಡ್ಡು ಬೇಡ ಎಂದೆ. ನಾನು ಹಿಗ್ಗಿ ಅಪ್ಪನಿಗೆ ಹೇಳಿದೆ. ಅಪ್ಪ, "ಸಾಬರ ಹುಡುಗನ ಕೈಯಾಗಿಂದ ಬಂದದ್ದು ಅದು. ಹೊಳಿ ನೀರು ಒಂದು ಕೊಡ ಹಾಕಿ ಆಮ್ಯಾಲ ದೇವರ ನೀರು ಹೇರು" ಎಂದರು. ಅವನು ನನ್ನ ಗೆಳೆಯ ಎಂದು ನಾನು ಹೇಳಲಿಲ್ಲ. ಸುರಿದೆ. ಮರುದಿನವೂ ಸುರಿದೆ. ಅಪ್ಪ ಹೋಗಿ ಮೂವತ್ತು ವರ್ಷವಾಯಿತು, ಸುರಿಯುತ್ತಲೇ ಇದ್ದೇನೆ. ಅದು ಬರೀ ರೂಢಿಯಾಗಿತ್ತು, ಕಾರಣ ಮರೆತಿತ್ತು ಎಂದು ಬರೆಯಬಹುದು. ಬರೆದರೆ ಸುಳ್ಳಾಗುತ್ತದೆ. ನಿನ್ನ ಅಂಗಡಿಯಿಂದ ಬಂದ ಮರುದಿನ ಎರಡು ಕೊಡ ಸುರಿಯುತ್ತಿದ್ದೆ.

ನಿನ್ನ ಕಾಗದ ಬಂದ ಮೇಲೆ ಒಂದು ದಿನ ತೊಳೆಯದೆ ಬರುವುದೆಂದು ನಿಶ್ಚಯಿಸಿದೆ. ಸ್ನಾನ ಮಾಡಿದೆ, ಕೊಡ ತುಂಬಿದೆ, ಒಣ ಸೈಕಲ್ಲಿಗೆ ಕಟ್ಟಿದೆ, ತಳ್ಳಿಕೊಂಡು ಬಂದೆ. ಗುಡಿಯ ಹೊಸ್ತಿಲಲ್ಲಿ ಕಾಲು ಏಳಲಿಲ್ಲ. ದೇವರು ನನ್ನನ್ನು ತಡೆಯಲಿಲ್ಲ, ಅದು ನನಗೆ ಗೊತ್ತು. ತಡೆದದ್ದು ನನ್ನ ಕಾಲೇ. ಪಂಚರು ನೋಡುತ್ತಿದ್ದರು. ನೀರನ್ನು ಬೇವಿನ ಬುಡಕ್ಕೆ ಚೆಲ್ಲಿ ಮತ್ತೆ ಹೊಳೆಗೆ ಹೋದೆ, ಸೈಕಲ್ ತೊಳೆದೆ, ತುಂಬಿಕೊಂಡು ಬಂದೆ. ಮಧ್ಯಾಹ್ನ ಎರಡು ಗಂಟೆಯಾಗಿತ್ತು. ಅಂದು ರಾಯರ ಹೆಸರು ಹೇಳಿ ಅತ್ತೆ.

ತಪ್ಪೆಂದು ಗೊತ್ತಿದೆ, ಬಿಡಲಾಗುತ್ತಿಲ್ಲ. ಈ ವಯಸ್ಸಿನಲ್ಲಿ ನನ್ನ ಕೈ ನನ್ನ ಮಾತು ಕೇಳುತ್ತಿಲ್ಲ ಶಾಮೀದ. ನಿನ್ನ ಕೈಗೆ ಏನೂ ಆಗಿಲ್ಲ. ಕೆಟ್ಟಿರುವುದು ನನ್ನದು.

ಎಣ್ಣೆಯನ್ನು ದಿನಾ ಹಚ್ಚಿಕೊಂಡಿದ್ದೇನೆ, ಸ್ನಾನಕ್ಕೆ ಮುಂಚೆ. ತಂಗಿಗೆ ಅಷ್ಟನ್ನು ಹೇಳು.

ಈಗ ಸೈಕಲ್ ಇಲ್ಲದೆ ಅರ್ಧ ಕೊಡ ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದೇನೆ. ನಡುವೆ ನಾಲ್ಕು ಸಲ ಕೂರುತ್ತೇನೆ. ಗುಡಿಯ ಹಿಂದೆ ಪೈಪು ತಂದು ಹಾಕಿದ್ದಾರೆ, ಇನ್ನೂ ಜೋಡಿಸಿಲ್ಲ.

ಜಗನ್ನಾಥ

*

ರಾಯಚೂರು
10 ಜುಲೈ 2024

ಜಗನ್ನಾಥ,

ಹಂಪಯ್ಯನ ಕೈಯಲ್ಲಿ ಸೈಕಲ್ ಕಳಿಸಿದ್ದೇನೆ. ಏನು ಮಾಡಿದ್ದೇನೆಂದು ಬರೆಯುತ್ತೇನೆ, ಓದಿಕೋ.

ವೈರುಗಳನ್ನು ಕೂಡಿಸುವ ಕೊಂಡಿಗಳನ್ನೆಲ್ಲ ಕಿತ್ತು ಬಿಸಾಕಿದೆ. ನೇರ ಬೆಸುಗೆ ಹಾಕಿ, ಮೇಲೆ ಸಿಲಿಕಾನ್ ಅಂಟು ತುಂಬಿ, ಅದರ ಮೇಲೆ ಹಳೆಯ ಟ್ಯೂಬಿನ ರಬ್ಬರ್ ಪಟ್ಟಿಯನ್ನು ಎಳೆದು ಬಿಗಿಯಾಗಿ ಸುತ್ತಿದ್ದೇನೆ. ಕಂಟ್ರೋಲರನ್ನು ಮುಚ್ಚಳ ಬಿಗಿಯಾಗುವ ಡಬ್ಬಿಯಲ್ಲಿ ಕೂರಿಸಿದ್ದೇನೆ, ವೈರುಗಳು ಕೆಳಗಿನಿಂದ ಒಳಹೋಗುತ್ತವೆ. ಮೋಟರಿಗೆ ವೈರು ಹೋಗುವ ತೂತನ್ನೂ ಮುಚ್ಚಿದೆ. ಬಲಗೈಯಲ್ಲಿ ತಿರುವುವ ಎಕ್ಸಲೇಟರಿಗೆ ರಬ್ಬರ್ ಚೀಲ ಹೊಲಿದವಳು ವಾಹಿದಾ. ಆಮೇಲೆ ಒಂದೊಂದನ್ನೂ ಪಂಕ್ಚರ್ ನೋಡುವ ಬೋಗುಣಿಯಲ್ಲಿ ಮುಳುಗಿಸಿ ಕೂತೆ. ಮೊದಲ ದಿನ ಎರಡು ಕಡೆ ಗುಳ್ಳೆ ಬಂತು. ಬಿಚ್ಚಿ ಮತ್ತೆ ಮಾಡಿದೆ. ಮೂರನೆಯ ದಿನ ಒಂದೂ ಬರಲಿಲ್ಲ.

ಕೊನೆಗೆ ಅಂಗಡಿಯ ಮುಂದೆ ನಿಲ್ಲಿಸಿ ನಾನೇ ನೀರು ಸುರಿದೆ. ನಲವತ್ತು ಕೊಡ. ಓಣಿಯವರು ಮುದುಕನಿಗೆ ತಲೆ ಕೆಟ್ಟಿತೆಂದು ನಿಂತು ನೋಡಿದರು. ಮುಷರ್ರಫ್, "ಅಬ್ಬಾ, ಯಾಕ ತೊಳೀತೀರಿ ಇಷ್ಟು?" ಎಂದು ಕಿವಿಯ ಹತ್ತಿರ ಕೂಗಿದ. ಕೊಳೆ ಆಗಿತ್ತು ಎಂದೆ. ಕೈ ತಿರುವಿದೆ, ಚಕ್ರ ತಿರುಗಿತು.

ಈಗ ನೀನು ಎಷ್ಟು ಬೇಕಾದರೂ ತೊಳೆ. ಒಂದು ಕೊಡ, ಎರಡು ಕೊಡ, ನಿನ್ನ ಮನಸ್ಸಿಗೆ ಬಂದಷ್ಟು. ಅದಕ್ಕೇನೂ ಆಗುವುದಿಲ್ಲ. ನಿನ್ನ ನೀರು ತಪ್ಪುವುದಿಲ್ಲ, ಪೈಪು ಒಳಗೆ ಬರುವುದಿಲ್ಲ.

ಅಂಗಡಿ ಮುಚ್ಚಲಿಲ್ಲ. ಗಬ್ಬೂರಿನ ಹಾಲಿನವನ ಸೈಕಲ್ ಬಂದು ನಿಂತಿದೆ.

ಇನ್ನು ಮೋಟರ್ ನಿಂತರೆ ಮಾತ್ರ ನನಗೆ ಬರೆ. ಕೆಲಸ ನನ್ನದು, ಕೆಟ್ಟರೆ ಸರಿಮಾಡುವುದು ನನ್ನ ಜವಾಬ್ದಾರಿ. ನಡೆಯುತ್ತಿದ್ದರೆ ಬರೆಯಬೇಡ. ಬರೆಯಲು ಬೇರೇನೂ ಉಳಿದಿಲ್ಲ.

ಶಾಮೀದಸಾಬ

*

॥ ಶ್ರೀ ॥
21 ಸೆಪ್ಟೆಂಬರ್ 2024

ಶಾಮೀದ,

ನೀನು ಬರೆಯಬೇಡ ಎಂದಿದ್ದೆ. ಸೈಕಲ್ ಬಂದು ಇಂದಿಗೆ ಎಪ್ಪತ್ತು ದಿನ. ಒಂದು ದಿನವೂ ನೀರು ತಪ್ಪಿಲ್ಲ. ಗುಡಿಯ ಹಿಂದಿನ ಪೈಪನ್ನು ಪಂಚರು ಹೊತ್ತು ಒಯ್ದರು. "ಆಚಾರ್ರು ಗಟ್ಟಿ ಅದಾರ" ಎನ್ನುತ್ತಾರೆ.

ಹೊಳೆ ತುಂಬಿ ಬಂದಿದೆ, ನೀರಿಗೆ ದೂರ ಹೋಗಬೇಕಿಲ್ಲ. ಮೊದಲು ಸೈಕಲ್ಲಿಗೆ ಒಂದು ಕೊಡ ಸುರಿಯುತ್ತಿದ್ದೆ. ಈಗ ನಾಲ್ಕು ಸುರಿಯುತ್ತೇನೆ. ಡಬ್ಬಿಯ ಮೇಲೆ, ಪಟ್ಟಿಗಳ ಮೇಲೆ, ಹುಡುಕಿ ಹುಡುಕಿ ಸುರಿಯುತ್ತೇನೆ. ಮಡಿಗೆಂದಲ್ಲ. ಒಂದು ದಿನವಾದರೂ ಇದು ನಿಂತರೆ ನಿನಗೆ ಬರೆಯಬಹುದಲ್ಲ ಎಂದು.

ನಿಲ್ಲುತ್ತಿಲ್ಲ.

ಜಗನ್ನಾಥ